ನಲವತ್ತೆರಡರ ಲೆಕ್ಕ: ತಡವಾಗಿ ಪತ್ತೆಯಾದ ಕ್ಯಾನ್ಸರ್ ಮತ್ತು ಕಾರಣದ ರುಜುವಾತು

1994ರ ನವೆಂಬರಿನಲ್ಲಿ ಇಂಗ್ಲೆಂಡಿನ ಒಬ್ಬರು ತಮ್ಮ ಎಡಗಂಕುಳಲ್ಲಿ ಎದ್ದಿದ್ದ ಗಂಟನ್ನು ವೈದ್ಯರಿಗೆ ತೋರಿಸಿದರು. ಕೊಬ್ಬಿನ ಗಂಟು, ಏನೂ ಆಗುವುದಿಲ್ಲ ಎಂದರು ವೈದ್ಯರು. ಮರುವರ್ಷ ಬೇರೊಬ್ಬ ವೈದ್ಯರು ನೋಡಿ ಆಸ್ಪತ್ರೆಗೆ ಕಳಿಸಿದರು. ಬಯಾಪ್ಸಿಯಲ್ಲಿ ತಿಳಿದದ್ದು ನಾನ್-ಹಾಜ್ಕಿನ್ ಲಿಂಫೋಮಾ. ಅಷ್ಟರಲ್ಲಿ ಗಡ್ಡೆ ಎದೆಯ ಕಡೆಗೂ ಹರಡಿತ್ತು. ಕಾನೂನು ಓದುವವರಿಗೆ ‘ಗ್ರೆಗ್ ವಿರುದ್ಧ ಸ್ಕಾಟ್’ ಎಂದು ಪರಿಚಿತವಾದ ಮೊಕದ್ದಮೆ ಇದು. 2005ರ ಜನವರಿ 27ರಂದು ಹೌಸ್ ಆಫ್ ಲಾರ್ಡ್ಸ್ 3–2ರ ಬಹುಮತದಿಂದ ರೋಗಿಯ ಮೇಲ್ಮನವಿಯನ್ನು ವಜಾ ಮಾಡಿತು.

ವೈದ್ಯರು ನಿರ್ಲಕ್ಷ್ಯ ತೋರಿದ್ದಾರೆಂದು ವಿಚಾರಣಾ ನ್ಯಾಯಾಲಯ ಮೊದಲೇ ತೀರ್ಮಾನಿಸಿತ್ತು. ರೋಗಿ ಸೋತದ್ದು ಅಂಕಿಯಲ್ಲಿ. ಹತ್ತು ವರ್ಷ ರೋಗ ಮರುಕಳಿಸದೆ ಬದುಕುವುದನ್ನು ‘ವಾಸಿ’ ಎಂದಿಟ್ಟುಕೊಂಡರೆ, ಕೂಡಲೇ ಚಿಕಿತ್ಸೆ ಸಿಕ್ಕಿದ್ದರೆ ವಾಸಿಯಾಗುವ ಸಂಭವ ಶೇ. 42, ಸುಮಾರು ಒಂಬತ್ತು ತಿಂಗಳ ವಿಳಂಬದ ನಂತರ ಶೇ. 25. ಸಿವಿಲ್ ದಾವೆಯಲ್ಲಿ ಕಾರಣವನ್ನು ಅರ್ಧಕ್ಕಿಂತ ಹೆಚ್ಚಿನ ಸಂಭವದಲ್ಲಿ ರುಜುವಾತುಪಡಿಸಬೇಕು. 42 ಐವತ್ತನ್ನು ಮುಟ್ಟುವುದಿಲ್ಲ. ಎಂದರೆ, ತಡವಾಗದಿದ್ದರೂ ಈ ರೋಗಿ ವಾಸಿಯಾಗುತ್ತಿರಲಿಲ್ಲವೆಂದೇ ಕಾನೂನು ಭಾವಿಸುತ್ತದೆ. ಹಾಗಾಗಿ ಪರಿಹಾರವಿಲ್ಲ.

ಭಿನ್ನಮತದ ಲಾರ್ಡ್ ನಿಕೋಲ್ಸ್‌ ಅವರ ಆಕ್ಷೇಪ ಪ್ರಸಿದ್ಧವಾದದ್ದು. ಭರವಸೆ ಶೇ. 60ರಿಂದ 40ಕ್ಕೆ ಇಳಿದವನಿಗೆ ಪರಿಹಾರ, ಶೇ. 40ರ ಭರವಸೆಯನ್ನು ಪೂರ್ತಿ ಕಳೆದುಕೊಂಡವನಿಗೆ ಸೊನ್ನೆ ಎಂಬುದು ಯಾವ ನ್ಯಾಯ ಎಂದು ಅವರು ಕೇಳುತ್ತಾರೆ. ಬಹುಮತದಲ್ಲಿದ್ದ ಬ್ಯಾರನೆಸ್ ಹೇಲ್ ಅದೇ ನಾಣ್ಯದ ಇನ್ನೊಂದು ಮಗ್ಗುಲನ್ನು ತೋರಿಸಿದರು: ಅವಕಾಶವನ್ನೇ ನಷ್ಟವೆಂದು ಎಣಿಸತೊಡಗಿದರೆ ಇಂದು ಪೂರ್ತಿ ಪರಿಹಾರ ಪಡೆಯುವವರಿಗೂ ಶೇಕಡಾವಾರು ಕಡಿತ ಬೀಳುತ್ತದೆ. ಈ ವಾದವನ್ನು ವ್ಯಾಖ್ಯಾನಕಾರರು ಅಷ್ಟಾಗಿ ಎತ್ತಿ ಹೇಳುವುದಿಲ್ಲ, ಆದರೆ ಅದು ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ.

ನನ್ನ ತಕರಾರು ಈ ಎರಡಕ್ಕೂ ಹಿಂದಿನದು. ತೂಗಬೇಕಾದ ಅಂಕಿ 42 ಹೌದೇ? ಇದೇ ಸ್ಥಿತಿಯ ನೂರು ರೋಗಿಗಳನ್ನು ತೆಗೆದುಕೊಳ್ಳೋಣ. ವಿಳಂಬದಿಂದ ಯಾರಿಗೂ ಒಳಿತಾಗದು ಎಂದು ಹಿಡಿದರೆ, ತಡವಾದರೂ ವಾಸಿಯಾಗುವವರು 25. ಬೇಗ ಪತ್ತೆಯಾದರೂ ವಾಸಿಯಾಗದವರು 58. ವಿಳಂಬದಿಂದಲೇ ಕೆಟ್ಟವರು ನಡುವಿನ 17 ಮಂದಿ. ಈಗ ರೋಗ ಮರುಕಳಿಸಿದ 75 ಜನ ನ್ಯಾಯಾಲಯದ ಮುಂದೆ ಸಾಲಾಗಿ ನಿಂತಿದ್ದಾರೆನ್ನಿ. ಅವರಲ್ಲಿ ವಿಳಂಬಕ್ಕೆ ಬಲಿಯಾದವರು 75ಕ್ಕೆ 17, ಅಂದರೆ ಸುಮಾರು ಶೇ. 23. ‘ತಡವಾಗದಿದ್ದರೆ ಈತ ವಾಸಿಯಾಗುತ್ತಿದ್ದನೇ’ ಎಂಬ ಪ್ರಶ್ನೆಗೆ ಉತ್ತರ ಈ 23, ಆ 42 ಅಲ್ಲ. ಲಾರ್ಡ್ ನಿಕೋಲ್ಸ್‌ ಅವರ ಶೇ. 60ರ ರೋಗಿಗೂ ಇದೇ ಕಷ್ಟ. ಅವನ ಭರವಸೆ 60ರಿಂದ 40ಕ್ಕೆ ಇಳಿದರೆ, ವಾಸಿಯಾಗದ 60 ಮಂದಿಯಲ್ಲಿ ವಿಳಂಬದ ಪಾಲು 20, ಶೇ. 33ರಷ್ಟು. ಐವತ್ತರ ಗೆರೆ ದಾಟಿದನೆಂದು ನಾವು ಪರಿಹಾರ ಕೊಡಹೊರಟವನು ವಾಸ್ತವದಲ್ಲಿ ಗೆರೆಯ ಈಚೆಗೇ ಇದ್ದಾನೆ.

ಇನ್ನೊಂದು ತೊಡಕೂ ಇತ್ತು: ತೀರ್ಪಿನ ದಿನ ರೋಗಿ ಬದುಕಿದ್ದರು. ಒಂದೊಂದು ವರ್ಷ ಕಳೆದಂತೆ ಅವರು ಆ 25 ಜನರ ಗುಂಪಿನವರೇ ಆಗಿರುವ ಸಂಭವ ಏರುತ್ತಿತ್ತು. ಬಹುಮತದಲ್ಲಿದ್ದ ಲಾರ್ಡ್ ಫಿಲಿಪ್ಸ್ ಇದನ್ನು ಗಂಭೀರವಾಗಿ ತೆಗೆದುಕೊಂಡರು. ಸರಿಯಾಗಿಯೇ ತೆಗೆದುಕೊಂಡರು ಎಂದು ನನ್ನ ಅಭಿಪ್ರಾಯ.

ಮ್ಯಾಸಚೂಸೆಟ್ಸ್‌ನ ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಬೇರೆ ದಾರಿ ಹಿಡಿಯಿತು. ಅಲ್ಲಿ ತಡವಾಗಿ ಪತ್ತೆಯಾದದ್ದು ಜಠರದ ಕ್ಯಾನ್ಸರ್, ಬದುಕುಳಿಯುವ ಸಂಭವ ಶೇ. 37.5. ಸಾವಿನ ಪೂರ್ತಿ ನಷ್ಟ 8,75,000 ಡಾಲರ್ ಎಂದು ಜ್ಯೂರಿ ಕಟ್ಟಿತು, ಅದರ ಶೇ. 37.5 ಎಂದರೆ 3,28,125 ಡಾಲರ್ ಮಂಜೂರಾಯಿತು. ಮೊದಲಿದ್ದ ಸಂಭವದಲ್ಲಿ ಉಳಿದ ಸಂಭವವನ್ನು ಕಳೆದು, ಪೂರ್ತಿ ನಷ್ಟಕ್ಕೆ ಗುಣಿಸಬೇಕೆಂಬುದು ಆ ನ್ಯಾಯಾಲಯದ ಸೂತ್ರ. ಗ್ರೆಗ್ ಮೊಕದ್ದಮೆಗೆ ಅದನ್ನು ಹಚ್ಚಿದರೆ ಸಿಗುವುದು 17. ಮೇಲಿನ ಎಣಿಕೆಯ ನಡುವಿನ ಗುಂಪೂ ಅಷ್ಟೇ.

ನಮ್ಮಲ್ಲಿ? 1995ರ ವಿ.ಪಿ. ಶಾಂತಾ ಪ್ರಕರಣದ ತೀರ್ಪಿನಿಂದ ಶುಲ್ಕ ಪಡೆಯುವ ವೈದ್ಯಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬಂದಿತು. ಹಾಗಾಗಿ ಕರ್ನಾಟಕದ ರೋಗಿಯೂ ಜಿಲ್ಲಾ ಗ್ರಾಹಕ ಆಯೋಗದ ಮೆಟ್ಟಿಲು ಹತ್ತಬಹುದು. ದೂರಿಗೆ ಎರಡು ವರ್ಷದ ಅವಧಿ. ಆದರೆ ಯಾವ ಸೂತ್ರ ಹಚ್ಚುವುದಾದರೂ ಮೊದಲ ದಿನ ಗಂಟು ಎಷ್ಟು ದಪ್ಪವಿತ್ತು, ಗಟ್ಟಿಯಿತ್ತೇ, ಜರುಗುತ್ತಿತ್ತೇ ಎಂಬುದು ಗೊತ್ತಿರಬೇಕು. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿ ದಾಖಲೆಗಳನ್ನು ಮೂರು ವರ್ಷ ಕಾಪಿಡಬೇಕು, ಕೇಳಿದ 72 ಗಂಟೆಯೊಳಗೆ ಕೊಡಬೇಕು ಎನ್ನುತ್ತದೆ. ಕಾಪಿಡುವ ಆ ಮಾತಿರುವುದು ಒಳರೋಗಿಗಳ ದಾಖಲೆಯ ಬಗ್ಗೆ. ಗಂಟನ್ನು ಮುಟ್ಟಿ ನೋಡಿ ಏನಿಲ್ಲ ಎಂದು ಕಳಿಸುವುದು ಹೊರರೋಗಿ ವಿಭಾಗದಲ್ಲಿ. ಅಲ್ಲಿ ಬರೆದದ್ದು ರೋಗಿಯ ಜೇಬಿನ ಚೀಟಿಯಲ್ಲಿರುತ್ತದೆ, ಬಹುಪಾಲು ಅದರಲ್ಲಿ ಮಾತ್ರೆಯ ಹೆಸರಷ್ಟೇ ಇರುತ್ತದೆ.