ಕೆರೆಯ ಮೈಲಿಗೆ ಯಾರದು?

ನಮ್ಮ ಮಧುಗಿರಿ, ಸಿರಾ ಸೀಮೆಯಲ್ಲಿ ಕೆರೆ ನೀರಿಗೆ ಎರಡು ಪರೀಕ್ಷೆ. ಒಂದು, ಯಾರು ಮುಟ್ಟಿದರು ಅನ್ನೋದು. ‘ಅತ್ಲಾಗ್ ನಿಂತ್ಕೊ, ಬಿಂದಿಗೆ ತಾಕೀತು’ ಎಂಬುದೇ ಅದರ ಭಾಷೆ. ಇನ್ನೊಂದು, ನೀರಿನೊಳಗೆ ಏನಿದೆ ಅನ್ನೋದು. ಮೊದಲನೆಯದು ತಲೆತಲಾಂತರದಿಂದ ನಡೆದು ಬಂದದ್ದು. ಎರಡನೆಯದಕ್ಕೆ ನೂರೈವತ್ತು ವರ್ಷವೂ ತುಂಬಿಲ್ಲ.

1884ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಕಲ್ಕತ್ತೆಯ ಒಂದು ಕೆರೆಯ ನೀರಲ್ಲಿ ಕಾಲರಾ ರೋಗಾಣುವನ್ನು ಕಂಡ. ದಂಡೆಯ ಜನ ಕುಡಿಯೋದೂ ಅದೇ ನೀರು, ಒಗೆಯೋದೂ ಅದೇ ನೀರು. ಕಾಲರಾದಿಂದ ಸತ್ತವನ ಬಟ್ಟೆಯನ್ನೂ ಅಲ್ಲೇ ಒಗೆದಿದ್ದರು. ನೀರು ಕೆಡುವುದು ಮಲದಿಂದ, ಮುಟ್ಟಿದವನ ಜಾತಿಯಿಂದಲ್ಲ ಎಂಬುದಕ್ಕೆ ಅಲ್ಲೊಂದು ಸಾಕ್ಷಿ ಸಿಕ್ಕಿತು.

ಈ ಸಾಕ್ಷಿ ಸಿಕ್ಕಿ 43 ವರ್ಷವಾದ ಮೇಲೆ, 1927ರ ಮಾರ್ಚ್ 20ರಂದು, ಬಾಬಾಸಾಹೇಬರು ಸಾವಿರಾರು ಜನರೊಡನೆ ಮಹಾಡದ ಚವದಾರ್ ಕೆರೆಯ ನೀರು ಕುಡಿದರು. ಸವರ್ಣೀಯರಿಗೆ ಕೆರೆ ಮೈಲಿಗೆಯಾಯಿತು. ಶುದ್ಧಿ ಮಾಡಿದ್ದಾದರೂ ಹೇಗೆ? ಸಗಣಿ, ಗಂಜಲ, ಹಾಲು, ಮೊಸರು ಕಲಸಿದ 108 ಮಡಕೆ ನೀರನ್ನು ಕೆರೆಗೆ ಸುರಿದು!

1982ರಲ್ಲಿ ಗ್ವಾಲಿಯರ್‌ನ ರಕ್ಷಣಾ ಸಂಶೋಧನಾಲಯದ ವಿಜ್ಞಾನಿಗಳು ಹಳ್ಳಿಯಲ್ಲೂ ಮಾಡಬಹುದಾದ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ರಾಸಾಯನಿಕದಲ್ಲಿ ನೆನೆಸಿ ಒಣಗಿಸಿದ ಕಾಗದವಿರುವ ಸೀಸೆಗೆ ನೀರು ತುಂಬಿ ಬೆಚ್ಚಗೆ ಇಡಬೇಕು. ಮಲದೊಡನೆ ಬರುವ ಬ್ಯಾಕ್ಟೀರಿಯಾ ಇದ್ದರೆ ಹೈಡ್ರೋಜನ್ ಸಲ್ಫೈಡ್ ಅನಿಲ ಹುಟ್ಟಿ, ಒಂದು ಹಗಲು ಒಂದು ರಾತ್ರಿಯೊಳಗೆ ನೀರು ಕಪ್ಪಾಗುತ್ತದೆ. ಇದು ಕಾಲರಾ, ಇದು ಟೈಫಾಯಿಡ್ ಎಂದು ಸೀಸೆ ಹೆಸರು ಹೇಳೋದಿಲ್ಲ. ಮಲ ಸೇರಿರಬಹುದು, ಹುಷಾರು ಅನ್ನುತ್ತೆ, ಅಷ್ಟೆ. ಅದಕ್ಕೆ ಮನುಷ್ಯನ ಮಲವೂ ಒಂದೇ, ದನದ ಸಗಣಿಯೂ ಒಂದೇ. ಮಹಾಡದ ಆ ‘ಶುದ್ಧಿ’ಯ ಮಡಕೆಗಳಿಂದ ಒಂದು ಲೋಟ ನೀರು ಇದಕ್ಕೆ ಹಾಕಿದ್ದರೆ ಕಪ್ಪಾಗದೆ ಇರುತ್ತಿತ್ತೆ?

ಇದು ಮುಗಿದ ಕತೆಯಲ್ಲ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯ ದಲಿತ ಕೇರಿಯಲ್ಲಿ ನಲ್ಲಿ ನೀರು ಕುಡಿದ ಜನ ಸತ್ತರು. ಯಾರೋ ವಿಷ ಬೆರೆಸಿದರು ಎಂಬ ಗುಮಾನಿ ಎದ್ದಿತು. ಪರೀಕ್ಷೆಯಲ್ಲಿ ಸಿಕ್ಕಿದ್ದು ಕಾಲರಾ ರೋಗಾಣು. 2024ರ ಜೂನ್‌ನಲ್ಲಿ ನಮ್ಮದೇ ಮಧುಗಿರಿ ತಾಲ್ಲೂಕಿನ ಚಿನ್ನೇನಹಳ್ಳಿಯಲ್ಲಿ ವಾಂತಿಭೇದಿ, ಸಾವು. ಅಲ್ಲೂ ಬೆರಳು ತೋರಿದ್ದು ನೀರಿನ ಕಡೆಗೇ. ಹೆಣ ಬಿದ್ದ ಮೇಲೆ ನೀರು ಪ್ರಯೋಗಾಲಯಕ್ಕೆ ಹೋಗುವುದು ಎಂಥ ನ್ಯಾಯ?

ಜಾತಿಯ ಪರೀಕ್ಷೆಗೆ ಪ್ರಯೋಗಾಲಯ ಬೇಕಿರಲಿಲ್ಲ. ಅದು ಬಾವಿಕಟ್ಟೆಯ ಮೇಲೆ ದಿನಾ ನಡೀತಿತ್ತು. ನೀರಿನ ಪರೀಕ್ಷೆಯೂ ಹಾಗೇ ನಮ್ಮ ಕೇರಿಯಲ್ಲೇ, ನೀರು ಹೊರುವ ನಮ್ಮ ಹೆಣ್ಣುಮಕ್ಕಳ ಕೈಯಲ್ಲೇ ನಡೀಬೇಕು. ಸೀಸೆ ಕಪ್ಪಾದ ದಿನ ಅದನ್ನ ಪಂಚಾಯ್ತಿ ಮೇಜಿನ ಮೇಲಿಟ್ಟು ಕೇಳಬೇಕು: ಸ್ವಾಮಿ, ಈ ಮೈಲಿಗೆ ಯಾರದು?