ಬೂದಿದಿಬ್ಬದ ಸುತ್ತ ಹಲವು ವಿದ್ಯೆಗಳು



ವಿದ್ಯೆಗಳಲ್ಲಿ ಕೆಲವು ಉಪಯೋಗಕ್ಕೆ, ಕೆಲವು ಅಲಂಕಾರಕ್ಕೆ ಎಂದು ವಿಂಗಡಿಸುವ ವಾಡಿಕೆ ವಿದ್ಯಾವಂತರಲ್ಲಿಯೂ ಚೆನ್ನಾಗಿ ಬೇರೂರಿದೆ. ಕಾಲೇಜುಗಳಲ್ಲಿ ಹಣದ ಹಂಚಿಕೆಯ ಪ್ರಸ್ತಾಪ ಬಂದಾಗಲಂತೂ ಅದು ತನ್ನ ಪೂರ್ಣಸ್ವರೂಪವನ್ನು ತೋರಿಸುತ್ತದೆ. ನಾನು ಹಿಂದೆ ಕೆಲಸಮಾಡುತ್ತಿದ್ದ ಒಂದು ಕಾಲೇಜಿನಲ್ಲಿ, ಉಳಿದಿದ್ದ ಅಲ್ಪ ಮೊತ್ತವನ್ನು ಪ್ರಯೋಗಶಾಲೆಗೆ ಕೊಡಬೇಕೋ ಚರಿತ್ರೆಯ ವಿದ್ಯಾರ್ಥಿಗಳ ಪ್ರವಾಸಕ್ಕೆ ಕೊಡಬೇಕೋ ಎಂಬ ಚರ್ಚೆ ನಡೆಯಿತು. ರಸಾಯನಶಾಸ್ತ್ರದ ನನ್ನ ಮಿತ್ರರೊಬ್ಬರು ನಗುತ್ತಲೇ, "ನಿಮ್ಮ ಹಳೆಯ ಮಡಕೆಚೂರುಗಳಿಂದ ಯಾರ ಹೊಟ್ಟೆ ತುಂಬುತ್ತದೆ ಸ್ವಾಮಿ?" ಎಂದರು. ನಾನೂ ಸುಮ್ಮನಿರಲಿಲ್ಲ, "ನಿಮ್ಮ ಗಾಜಿನ ಕೊಳವೆಗಳಿಂದ ಎಷ್ಟು ಮಂದಿಯ ಹೊಟ್ಟೆ ತುಂಬಿದೆ, ಲೆಕ್ಕ ಕೊಡಿ" ಎಂದೆ. ಸಭೆಯಲ್ಲಿ ನಗೆಯೆದ್ದಿತು. ಆ ಉತ್ತರ ಚಮತ್ಕಾರದ್ದಾಗಿತ್ತೇ ಹೊರತು ಸತ್ಯದ್ದಾಗಿರಲಿಲ್ಲವೆಂದು ನನಗೆ ಮನವರಿಕೆಯಾದದ್ದು ಆಮೇಲೆ, ಆ ಹಣದಿಂದಲೇ ಕೈಕೊಂಡ ಪ್ರವಾಸದಲ್ಲಿ.

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ರಸ್ತೆಯ ಮಗ್ಗುಲಲ್ಲಿ, ಕುಡತಿನಿಯ ಹತ್ತಿರ, ಬೂದುಬಣ್ಣದ ಒಂದು ದೊಡ್ಡ ದಿಬ್ಬವುಂಟು. ದಾರಿಹೋಕರು ಅದನ್ನು ಮಣ್ಣಿನ ಗುಡ್ಡೆಯೆಂದೆಣಿಸಿ ಮುಂದೆ ಸಾಗುತ್ತಾರೆ. ಹತ್ತಿರಕ್ಕೆ ಹೋಗಿ ಅಗೆದು ನೋಡಿದರೆ ಅದು ಮಣ್ಣಲ್ಲ, ಬೂದಿ. ಕೆಲವೆಡೆ ಹಿಟ್ಟಿನಂತೆ ನುಣುಪಾಗಿ, ಕೆಲವೆಡೆ ಕಮ್ಮಾರನ ಕುಲುಮೆಯ ಕಿಟ್ಟದಂತೆ ಕರಗಿ ಗಟ್ಟಿಯಾಗಿ, ಪದರದ ಮೇಲೆ ಪದರವಾಗಿ ಕುಳಿತಿದೆ. ಇಂಥ ದಿಬ್ಬಗಳು ಬಳ್ಳಾರಿ, ರಾಯಚೂರು, ಸುರಪುರಗಳ ಸೀಮೆಯಲ್ಲಿಯೂ, ನೆರೆಯ ಆಂಧ್ರ ತೆಲಂಗಾಣಗಳಲ್ಲಿಯೂ ನೂರಕ್ಕೂ ಮೇಲ್ಪಟ್ಟು ಕಂಡುಬಂದಿವೆ. ಹಂಪೆಯ ಸಮೀಪದ ನಿಂಬಾಪುರದಲ್ಲಿರುವುದನ್ನು ಆ ಕಡೆಯ ಜನ ವಾಲಿಯ ಬೂದಿಯೆನ್ನುತ್ತಾರೆ. ಶ್ರೀರಾಮನ ಬಾಣದಿಂದ ಮಡಿದ ವಾನರರಾಜನನ್ನು ದಹನಮಾಡಿದ ಸ್ಥಳ ಅದೇ ಎಂದು ಅವರ ನಂಬಿಕೆ. ಇದನ್ನು ಹೇಳಿದ ವೃದ್ಧರೊಬ್ಬರ ಎದುರಿಗೇ ನನ್ನ ವಿದ್ಯಾರ್ಥಿಗಳಲ್ಲಿ ಇಬ್ಬರು ಕಿಸಕ್ಕನೆ ನಕ್ಕರು. ನನಗೆ ನಾಚಿಕೆಯಾಯಿತು. ಏಕೆಂದರೆ, ಈ ದಿಬ್ಬಗಳ ವಿಷಯದಲ್ಲಿ ಪಂಡಿತರು ಹಿಂದೆ ಬರೆದುದನ್ನು ಓದಿದ್ದರೆ ಆ ಹುಡುಗರು ಮೊದಲು ನಗಬೇಕಾಗಿದ್ದುದು ಪಂಡಿತರನ್ನು ನೋಡಿ.

ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ನ್ಯೂಬೋಲ್ಡ್ ಎಂಬಾತನು 1843ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ದಿಬ್ಬಗಳ ಬಗ್ಗೆ ಒಂದು ಲೇಖನ ಬರೆದನು. ಆಮೇಲೆ ಸುಮಾರು ನೂರು ವರ್ಷ ನಡೆದುದು ಊಹೆಗಳ ಸಂತೆ. ಇವು ಜ್ವಾಲಾಮುಖಿಯಿಂದ ಉಕ್ಕಿದುವು ಎಂದರು ಕೆಲವರು. ಸುಣ್ಣದ ಭಟ್ಟಿ, ಇಟ್ಟಿಗೆಯ ಗೂಡು ಎಂದರು ಮತ್ತೆ ಕೆಲವರು. ಕಬ್ಬಿಣವನ್ನೋ ಚಿನ್ನವನ್ನೋ ಕರಗಿಸಿದ ಕಿಟ್ಟವೆಂದವರೂ ಉಂಟು. ಯುದ್ಧಾನಂತರದ ಸಾಮೂಹಿಕ ಸಹಗಮನದ ಚಿತೆಗಳೆಂದು ಬರೆದವರೂ ಉಂಟು. ಹಳ್ಳಿಯವನು ಇದು ಉರಿದುಳಿದ ಬೂದಿ, ಬಹು ಪುರಾತನವಾದುದು ಎಂದು ಹೇಳಿದ್ದನಷ್ಟೆ. ಈ ಎರಡು ಮಾತುಗಳಲ್ಲಿಯೂ ಅವನು ತಪ್ಪಿರಲಿಲ್ಲ. ಉರಿದ ವಸ್ತು ಯಾವುದೆಂಬುದರಲ್ಲಿ ಮಾತ್ರ ಅವನ ಉತ್ತರ ನಮ್ಮ ಉತ್ತರವಲ್ಲ.

ಸರಿಯಾದ ದಾರಿಯನ್ನು ಮೊದಲು ಹಿಡಿದವನು ಚರಿತ್ರಕಾರನಲ್ಲ, ಭೂಗರ್ಭಶಾಸ್ತ್ರಜ್ಞ. ರಾಬರ್ಟ್ ಬ್ರೂಸ್ ಫೂಟ್ ಎಂಬ ಈ ಮಹನೀಯನು 1858ರಲ್ಲಿ ಭೂಗರ್ಭ ಸರ್ವೇಕ್ಷಣೆಯ ಇಲಾಖೆಯನ್ನು ಸೇರಿ ದಕ್ಷಿಣ ದೇಶವನ್ನೆಲ್ಲ ಸುತ್ತಿದವನು. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಆದಿಮಾನವನ ಕಲ್ಲಿನ ಆಯುಧವನ್ನು ಹೆಕ್ಕಿ, ಭಾರತದ ಪ್ರಾಗಿತಿಹಾಸಕ್ಕೆ ಅಡಿಗಲ್ಲಿಟ್ಟವನೂ ಇವನೇ. ಕಲ್ಲಿದ್ದಲು ಕಬ್ಬಿಣಗಳನ್ನು ಹುಡುಕಲು ಸಂಬಳ ಪಡೆಯುತ್ತಿದ್ದವನಿಗೆ ಒಡೆದ ಕಲ್ಲುಗಳನ್ನು ಕೂಡಿಡುವ ಹುಚ್ಚು ಏಕೆ ಎಂದು ಆತನ ಮೇಲಧಿಕಾರಿಗಳು ಕೇಳಿದ್ದರೆ ಉತ್ತರ ಹೇಳುವುದು ಕಷ್ಟವಾಗುತ್ತಿತ್ತು. ಬೂದಿದಿಬ್ಬಗಳ ಬಳಿಯಲ್ಲಿ ನಯಮಾಡಿದ ಕಲ್ಗೊಡಲಿಗಳೂ ದನದ ಮೂಳೆಗಳೂ ದೊರೆಯುವುದನ್ನು ಫೂಟ್ ಗಮನಿಸಿದನು. ಬೆಂಕಿಯನ್ನುಗುಳುವ ಬೆಟ್ಟದ ಲಕ್ಷಣ ಆ ನೆಲದಲ್ಲಿಲ್ಲವೆಂಬುದು ಅವನಿಗೆ ತನ್ನ ವೃತ್ತಿಯಿಂದಲೇ ಗೊತ್ತಿದ್ದಿತು. ನವಶಿಲಾಯುಗದ ಗೋಪಾಲಕರು ದನಗಳನ್ನು ಕೂಡಿದ ದೊಡ್ಡಿಗಳಲ್ಲಿ ಶೇಖರವಾದ ಸಗಣಿಯು ಉರಿದು ಆದ ಬೂದಿಯೇ ಇದು ಎಂದು ಅವನು ತೀರ್ಮಾನಿಸಿದನು. ಸಗಣಿಯೆಂಬ ಮಾತು ಘನವಾಗಿ ಕಾಣಲಿಲ್ಲವೋ ಏನೋ, ಬಹುಮಂದಿ ವಿದ್ವಾಂಸರು ಅದನ್ನು ಕಿವಿಗೆ ಹಾಕಿಕೊಳ್ಳಲೇ ಇಲ್ಲ.

ಫೂಟ್ ಹೇಳಿದುದು ಊಹೆ. ಸಿದ್ಧಪಡಿಸುವ ಸಾಧನ ಅವನ ಕೈಯಲ್ಲಿರಲಿಲ್ಲ. ಅದು ಬಂದುದು ಪ್ರಯೋಗಶಾಲೆಯಿಂದ. ಲಂಡನ್ನಿನ ಪ್ರಾಕ್ತನಶಾಸ್ತ್ರ ಸಂಸ್ಥೆಯ ತ್ಸಾಯ್ನರ್ ಅವರು ಈ ಬೂದಿಯನ್ನೂ ಕಿಟ್ಟವನ್ನೂ ಪರೀಕ್ಷಿಸಿ, ಇದು ಸುಟ್ಟ ಗೋಮಯವೇ ಸರಿಯೆಂದು 1960ರಲ್ಲಿ ಪ್ರಕಟಿಸಿದರು. ಇದರ ಒಳಗುಟ್ಟು ಸರಳವಾದುದು. ಹುಲ್ಲಿನ ಎಸಳಿನಲ್ಲಿ ಮರಳಿನ ಅಂಶವಾದ ಸಿಲಿಕ ಇರುತ್ತದೆ. ಹುಲ್ಲು ಮೇಯುವ ಹಸುವಿನ ಸಗಣಿಯಲ್ಲಿ ಅದು ಜೀರ್ಣವಾಗದೆ ಉಳಿಯುತ್ತದೆ. ಉರಿ ಸಾಕಷ್ಟು ಪ್ರಬಲವಾದರೆ ಈ ಸಿಲಿಕವು ಬೂದಿಯ ಕ್ಷಾರಗಳೊಡನೆ ಸೇರಿ ಗಾಜಿನಂತೆ ಕರಗುತ್ತದೆ. ಲೋಹದ ಕಿಟ್ಟವೆಂದು ಅನೇಕರನ್ನು ಭ್ರಮೆಗೊಳಿಸಿದುದು ಈ ಗಾಜೇ. ಮುಂದೆ 1966ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಮಜುಮದಾರ್ ಮತ್ತು ರಾಜಗುರು ಎಂಬ ವಿದ್ವಾಂಸರು ಬಳ್ಳಾರಿಯ ಕುಪ್ಪಗಲ್ಲಿನ ದಿಬ್ಬವನ್ನು ಇದೇ ರೀತಿಯ ವೈಜ್ಞಾನಿಕ ಪರೀಕ್ಷೆಗೆ ಗುರಿಪಡಿಸಿ ಒಂದು ಪುಸ್ತಕವನ್ನೇ ಹೊರತಂದರು.

ಈ ನಡುವೆ, 1957ರಲ್ಲಿ, ಇಂದಿನ ತೆಲಂಗಾಣದ ಉಟ್ನೂರಿನಲ್ಲಿ ಆಲ್ಚಿನ್ ಎಂಬ ಆಂಗ್ಲ ವಿದ್ವಾಂಸರು ಒಂದು ದಿಬ್ಬವನ್ನು ಅಗೆದರು. ಅಲ್ಲಿ ಕಂಡುಬಂದುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ದೊಡ್ಡಿಯ ಬೇಲಿಗೆ ನೆಟ್ಟ ಕಂಬಗಳ ಗುಳಿಗಳು ಸಾಲುಸಾಲಾಗಿ ದೊರೆತುವು. ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳು ಅಚ್ಚೊತ್ತಿದಂತೆ ಉಳಿದಿದ್ದುವು. ರಾಜರ ಹೆಸರು ಕೊರೆದ ಎಷ್ಟೋ ಶಾಸನಗಳು ಸವೆದುಹೋಗಿವೆ. ಹೆಸರಿಲ್ಲದ ಯಾವುದೋ ಕರುವಿನ ಹೆಜ್ಜೆ ಸಾವಿರಾರು ವರ್ಷ ನಿಂತಿತು.

ಎಷ್ಟು ಸಾವಿರ ವರ್ಷ? ಇಲ್ಲಿ ಚರಿತ್ರಕಾರನ ವಿದ್ಯೆ ಕೈಸೋತಿತು. ಬರವಣಿಗೆಯನ್ನರಿಯದ ಜನರ ಕಾಲವನ್ನು ಹೇಳಲು ಶಾಸನವಿಲ್ಲ, ನಾಣ್ಯವಿಲ್ಲ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿಯನ್ನು ಅಗೆದಾಗ, ಮೇಲಿನ ಪದರಗಳ ಕಾಲವನ್ನು ರೋಮನ್ ವ್ಯಾಪಾರದ ಸಂಬಂಧದಿಂದ ಗೊತ್ತುಮಾಡಿ, ಅಲ್ಲಿಂದ ಕೆಳಕೆಳಕ್ಕೆ ಎಣಿಸುತ್ತ ಹೋಗಿ, ಕಲ್ಗೊಡಲಿಯ ಜನರನ್ನು ಕ್ರಿಸ್ತಪೂರ್ವ ಒಂದನೆಯ ಸಾವಿರ ವರ್ಷದ ಆದಿಭಾಗದಲ್ಲಿ ನಿಲ್ಲಿಸಿದರು. ಪದರಗಳನ್ನು ಓದುವುದರಲ್ಲಿ ಅವರನ್ನು ಮೀರಿಸಿದವರು ವಿರಳ. ಆದರೂ ಲೆಕ್ಕ ತಪ್ಪಿತು, ಅದೂ ಒಂದೆರಡು ಶತಮಾನಗಳಷ್ಟಲ್ಲ.

ತಪ್ಪನ್ನು ತಿದ್ದಿದ ವಿದ್ಯೆ ಆಕಾಶದಿಂದ ಇಳಿದುಬಂದಿತೆಂದರೆ ಅತಿಶಯೋಕ್ತಿಯಲ್ಲ. ಅಂತರಿಕ್ಷದಿಂದ ಸುರಿಯುವ ವಿಶ್ವಕಿರಣಗಳು ವಾಯುಮಂಡಲವನ್ನು ತಾಕಿದಾಗ ಒಂದು ಬಗೆಯ ಅಸ್ಥಿರವಾದ ಇಂಗಾಲವು ಹುಟ್ಟುತ್ತದೆ. ಗಿಡ ಅದನ್ನು ಗಾಳಿಯಿಂದಲೂ, ಹಸು ಗಿಡದಿಂದಲೂ ಪಡೆಯುತ್ತವೆ. ಜೀವ ಹೋದಮೇಲೆ ಹೊಸ ಇಂಗಾಲದ ಸರಬರಾಜು ನಿಂತು, ಇದ್ದುದು ಸುಮಾರು 5,730 ವರ್ಷಗಳಿಗೆ ಅರ್ಧವಾಗುವ ಗತಿಯಲ್ಲಿ ಕ್ಷಯಿಸುತ್ತದೆ. ಉಳಿದುದನ್ನು ಅಳೆದರೆ ವಸ್ತುವಿನ ವಯಸ್ಸು ತಿಳಿಯುತ್ತದೆ. ಈ ವಿಧಾನವನ್ನು 1949ರಲ್ಲಿ ಲೋಕದ ಮುಂದಿಟ್ಟ ಅಮೆರಿಕದ ಲಿಬ್ಬಿಯವರಿಗೆ 1960ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅದೇ ವಿಶ್ವಕಿರಣಗಳ ಬೆನ್ನು ಹತ್ತಿ ಹೋಮಿ ಭಾಭಾ ಅವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ನಮ್ಮ ಬೆಂಗಳೂರಿನ ವಿಜ್ಞಾನಮಂದಿರದಲ್ಲಿ ಕೆಲಸಮಾಡುತ್ತಿದ್ದರು. ಟಾಟಾ ಮೂಲವಿಜ್ಞಾನ ಸಂಸ್ಥೆ 1945ರಲ್ಲಿ ಮೊದಲು ಕಣ್ತೆರೆದುದೂ ಅಲ್ಲಿಯೇ. ಬೊಂಬಾಯಿಗೆ ಹೋದುದು ಆಮೇಲೆ. ಆ ಕಿರಣಗಳಿಂದ ಯಾವ ಉಪಯೋಗವೆಂದು ಆಗ ಯಾರಾದರೂ ಕೇಳಿದ್ದರೆ, ಬಳ್ಳಾರಿಯ ಸಗಣಿಬೂದಿಯ ವಯಸ್ಸು ಹೇಳುವುದಕ್ಕೆ ಬಂದೀತು ಎಂದು ಉತ್ತರ ಕೊಡಲು ಭಾಭಾ ಅವರಿಗೂ ತೋಚುತ್ತಿರಲಿಲ್ಲ. ಆದರೆ ನಡೆದುದು ಹಾಗೆಯೇ. 1960ರ ದಶಕದಲ್ಲಿ ಉಟ್ನೂರು, ತೆಕ್ಕಲಕೋಟೆ, ಹಳ್ಳೂರುಗಳ ಇದ್ದಿಲ ಚೂರುಗಳ ಕಾಲವನ್ನು ಗೊತ್ತುಮಾಡಿದುದು ಆ ಸಂಸ್ಥೆಯ ಪ್ರಯೋಗಶಾಲೆ. ಇಂದಿನ ಲೆಕ್ಕದಂತೆ ದಕ್ಷಿಣದ ನವಶಿಲಾಯುಗದ ಆರಂಭ ಕ್ರಿಸ್ತಪೂರ್ವ 3000ದ ಸುಮಾರಿಗೆ ಹೋಗಿ ನಿಲ್ಲುತ್ತದೆ. ಒಂದು ನಾಡಿನ ಬಾಳುವೆಗೆ ಎರಡು ಸಾವಿರ ವರ್ಷ ಸೇರಿತು. ಸೇರಿಸಿದವರು ಒಂದು ಮಡಕೆಚೂರನ್ನೂ ಅಗೆದು ತೆಗೆದವರಲ್ಲ.

ಉಳಿದ ವಿದ್ಯೆಗಳ ಕಾಣಿಕೆಯನ್ನು ಬೇಗಬೇಗನೆ ಹೇಳಿಬಿಡುತ್ತೇನೆ. ತೆಕ್ಕಲಕೋಟೆಯ ಉತ್ಖನನದ ವರದಿಯನ್ನು ಪ್ರಾಕ್ತನಶಾಸ್ತ್ರದ ನಾಗರಾಜರಾಯರೂ ಮಾನವಶಾಸ್ತ್ರದ ಮಲ್ಹೋತ್ರಾ ಅವರೂ ಕೂಡಿ ಬರೆದರು. ಹಳ್ಳೂರಿನ ಮೂಳೆಗಳನ್ನು ಗುರುತಿಸಿದ ಕೆ. ಆರ್. ಆಲೂರರು ಪಶುವೈದ್ಯರು. ಇನ್ನು ಅಗೆದ ಮಣ್ಣನ್ನು ನೀರಿನಲ್ಲಿ ಕದಡಿ ತೇಲಿಬಂದ ಕರಿಕಾಳುಗಳನ್ನು ಸೂಕ್ಷ್ಮದರ್ಶಕದಡಿ ನೋಡಿದ ಸಸ್ಯವಿಜ್ಞಾನಿಗಳು, ಈ ಜನ ಹುರುಳಿ, ಹೆಸರು, ಕೊರಲೆಗಳನ್ನು ತಿನ್ನುತ್ತಿದ್ದರೆಂದು ತೋರಿಸಿದ್ದಾರೆ. ನಮ್ಮ ಅಡಿಗೆಮನೆಯ ಹುರುಳಿಸಾರಿಗೆ ಇಷ್ಟು ದೊಡ್ಡ ವಂಶಾವಳಿಯಿದೆಯೆಂದು ಯಾರು ಬಲ್ಲರು! ಹೆಸರುಕಾಳಿನ ಹೆಸರು ಕನ್ನಡದಲ್ಲಿ ಹೆಸರು, ತೆಲುಗಿನಲ್ಲಿ ಪೆಸಲು, ತಮಿಳಿನಲ್ಲಿ ಪಯರು; ಇವು ಒಂದೇ ಬೇರಿನವು. ಇಂಥ ಮಾತುಗಳಿಂದ ಭಾಷಾಶಾಸ್ತ್ರಜ್ಞರು ದ್ರಾವಿಡ ಭಾಷೆಗಳ ಪ್ರಾಚೀನ ಬೇಸಾಯವನ್ನು ಊಹಿಸಿ, ಅದನ್ನು ಈ ಕರಿಕಾಳುಗಳೊಡನೆ ಹೋಲಿಸಿ ನೋಡುತ್ತಿದ್ದಾರೆ. ಇಲ್ಲಿ ಎಚ್ಚರಿಕೆ ಅವಶ್ಯ. ಕಾಳು ತನ್ನನ್ನು ತಿಂದವನ ಭಾಷೆಯನ್ನು ಹೇಳುವುದಿಲ್ಲ.

ಹಾಗಾದರೆ ಅಷ್ಟು ಸಗಣಿಯನ್ನು ಸುಟ್ಟುದೇಕೆ? ಗೊಬ್ಬರಕ್ಕೂ ಉರುವಲಿಗೂ ಬರುವ ವಸ್ತುವನ್ನು ತಲೆಮಾರುಗಟ್ಟಲೆ ರಾಶಿಹಾಕಿ ಉರಿಸಿದರೆಂದರೆ ಅದರಲ್ಲೇನೋ ಉದ್ದೇಶವಿರಬೇಕು. ಈ ಪ್ರಶ್ನೆಗೆ ತಕ್ಕಡಿಯಾಗಲಿ ಸೂಕ್ಷ್ಮದರ್ಶಕವಾಗಲಿ ಉತ್ತರ ಹೇಳದು. ಆಲ್ಚಿನ್ ಅವರು 1963ರ ತಮ್ಮ ಪುಸ್ತಕದಲ್ಲಿ ದಖ್ಖಣದ ಹಬ್ಬಗಳ ಕಡೆಗೆ ಕಣ್ಣುಹಾಯಿಸಿದರು. ಸಂಕ್ರಾಂತಿಯ ಸಂಜೆ ಮೈತೊಳೆದು ಕೊಂಬಿಗೆ ಬಣ್ಣ ಬಳಿದ ದನಗಳನ್ನು ಕಿಚ್ಚು ಹಾಯಿಸುವುದನ್ನು ನಮ್ಮಲ್ಲಿ ಎಲ್ಲರೂ ನೋಡಿದ್ದೇವೆ. ಋತು ತಿರುಗುವ ಸಮಯದಲ್ಲಿ ದನಗಳ ಆರೋಗ್ಯಕ್ಕಾಗಿ ಬೆಂಕಿಯಿಡುವ ಇಂಥ ಆಚರಣೆಯೇ ದಿಬ್ಬಗಳ ಮೂಲದಲ್ಲಿಯೂ ಇದ್ದಿರಬಹುದೆಂದು ಅವರ ಅಭಿಪ್ರಾಯ. ದಿಬ್ಬಗಳು ಅಡವಿಯ ತಾತ್ಕಾಲಿಕ ದೊಡ್ಡಿಗಳೆಂದೂ ಅವರು ಭಾವಿಸಿದ್ದರು. ಸುರಪುರದ ಸೀಮೆಯ ಬೂದಿಹಾಳದಲ್ಲಿ 1990ರ ದಶಕದಲ್ಲಿ ಉತ್ಖನನ ನಡೆಸಿದ ಪದ್ದಯ್ಯನವರು ಇದನ್ನೊಪ್ಪಲಿಲ್ಲ. ದಿಬ್ಬದ ಪಕ್ಕದಲ್ಲಿಯೇ ವಾಸದ ನೆಲೆಯನ್ನೂ ದನಗಳನ್ನು ಕಡಿದು ಹಂಚಿದ ಜಾಗವನ್ನೂ ತೋರಿಸಿ, ಇವು ಗೋಪಾಲಕರ ಊರುಗಳೇ ಎಂದರು. ದಿಬ್ಬವನ್ನು ಬೇಕೆಂದೇ ಎತ್ತರಿಸಿ ಕಟ್ಟಿದ ಸ್ಮಾರಕವೆನ್ನುವವರೂ ಈಚೆಗೆ ಇದ್ದಾರೆ. ನನಗೆ ಪದ್ದಯ್ಯನವರ ಪಕ್ಷವೇ ಬಲವಾಗಿ ತೋರುತ್ತದೆ. ಆದರೆ ಕಿಚ್ಚಿನ ವಿಷಯದಲ್ಲಿ ಆಲ್ಚಿನ್ ಅವರ ಮಾತನ್ನು ಬಿಡಲು ಮನಸ್ಸು ಬರುವುದಿಲ್ಲ.

ಚರ್ಚೆ ಮುಗಿಯುವ ಮೊದಲೇ ಸಾಕ್ಷಿ ಮುಗಿದುಹೋಗುವ ಭಯವೂ ಇದೆ. ಹೊಲಕ್ಕೆ ಹಾಕಲು ಬೂದಿಯನ್ನು ಗಾಡಿಗಳಲ್ಲಿ ಹೇರಿಕೊಂಡು ಹೋದುದರಿಂದ ಎಷ್ಟೋ ದಿಬ್ಬಗಳು ಕರಗಿವೆ. ಸಂಗನಕಲ್ಲು ಕುಪ್ಪಗಲ್ಲುಗಳ ಬೆಟ್ಟದಲ್ಲಿ, ಆ ಜನರೇ ಬಂಡೆಗಳ ಮೇಲೆ ಕುಟ್ಟಿ ಬರೆದ ಗೂಳಿಗಳ ಚಿತ್ರಗಳಿರುವ ಕಡೆ, ಕಲ್ಲುಗಣಿಯ ಸಿಡಿಮದ್ದಿನ ಸದ್ದು ಕೇಳಿಬಂದಿದೆ. ರೈತನ ಮೇಲೆ ನನಗೆ ಕೋಪವಿಲ್ಲ. ಅವನ ಪಾಲಿಗೆ ಅದು ಗೊಬ್ಬರ. ಅದರಲ್ಲಿ ಮತ್ತೇನಿದೆಯೆಂದು ನಾವು ಅವನಿಗೆ ಅವನ ಮಾತಿನಲ್ಲಿ ಹೇಳಿದ್ದು ಎಷ್ಟು ಸಲ?

ಪ್ರವಾಸದಿಂದ ಹಿಂದಿರುಗಿದಾಗ ಕುಡತಿನಿಯ ರಸ್ತೆಬದಿಯಲ್ಲಿ ಉರುಳಿಬಿದ್ದಿದ್ದ ಕಿಟ್ಟದ ಒಂದು ಚೂರನ್ನು ರಸಾಯನಶಾಸ್ತ್ರದ ಮಿತ್ರರ ಮುಂದಿಟ್ಟು ಕಥೆಯನ್ನೆಲ್ಲ ಹೇಳಿದೆ. ಅವರು ಅದನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. ಮರುದಿನ ಮಧ್ಯಾಹ್ನ ಕಾಲೇಜಿನ ಹಿತ್ತಲಲ್ಲಿ ಹೊಗೆ ಎದ್ದಿತು. ಹೋಗಿ ನೋಡಿದರೆ, ನಮ್ಮ ಮಿತ್ರರು ಪಂಚೆಯನ್ನು ಎತ್ತಿಕಟ್ಟಿ ಒಂದು ರಾಶಿ ಬೆರಣಿಗೆ ಬೆಂಕಿಯಿಟ್ಟುಕೊಂಡು ನಿಂತಿದ್ದಾರೆ. ಸಂಜೆಯವರೆಗೆ ಉರಿದರೂ ದೊರೆತುದು ಮೆತ್ತನೆಯ ಬಿಳಿಯ ಬೂದಿ ಮಾತ್ರ. ಕಿಟ್ಟ ಒಂದು ಚೂರೂ ಆಗಲಿಲ್ಲ. "ಇಷ್ಟು ಕಾವಿಗೆ ಕರಗದು. ರಾಶಿ ಬಹಳ ದೊಡ್ಡದಿರಬೇಕು, ಗಾಳಿಯೂ ಜೋರಾಗಿರಬೇಕು. ಅವರು ಹೇಗೆ ಮಾಡಿದರೋ ಕಾಣೆ" ಎಂದು ಬೂದಿಯನ್ನು ಕಡ್ಡಿಯಿಂದ ಕೆದಕುತ್ತ, ಮುಂದಿನ ಸಲ ಬಳ್ಳಾರಿಗೆ ಹೋಗುವುದು ಯಾವಾಗ ಎಂದು ನನ್ನನ್ನು ಕೇಳಿದರು.