ಲೇಸರ್ ಬೆಳಕಿನಿಂದ ರಕ್ತಸಂಚಾರದ ಅಳತೆ

ಗದಗ ಜಿಲ್ಲೆ ನರಗುಂದ ತಾಲ್ಲೂಕಿನ ಚಿಕ್ಕನರಗುಂದದಂತಹ ಎರೆಭೂಮಿಯ ಊರಿನಲ್ಲಿ, ಸಕ್ಕರೆ ಕಾಯಿಲೆಯುಳ್ಳ ರೈತರೊಬ್ಬರ ಪಾದಕ್ಕೆ ಹೊಲದಲ್ಲಿ ಕಡ್ಡಿ ಚುಚ್ಚಿ ಆದ ಗಾಯ ವಾರಗಳು ಕಳೆದರೂ ಮಾಯಲಿಲ್ಲವೆನ್ನಿ. ಆಗ ವೈದ್ಯರ ಮುಂದೆ ಬರುವ ಮುಖ್ಯ ಪ್ರಶ್ನೆ: ಆ ಭಾಗಕ್ಕೆ ರಕ್ತ ತಲುಪುತ್ತಿದೆಯೇ? ಸಾಕಷ್ಟು ತಲುಪುತ್ತಿದ್ದರೆ ಗಾಯ ಮಾಯುವ ಭರವಸೆಯುಂಟು. ಇಲ್ಲವಾದರೆ ರಕ್ತನಾಳಕ್ಕೇ ಚಿಕಿತ್ಸೆ ಬೇಕು. ತಡವಾದರೆ ಬೆರಳನ್ನೋ ಪಾದವನ್ನೋ ಕಳೆದುಕೊಳ್ಳಬೇಕಾದೀತು. ಚರ್ಮವನ್ನು ಮುಟ್ಟದೆ, ಸೂಜಿ ಚುಚ್ಚದೆ, ಬರಿಯ ಬೆಳಕಿನಿಂದ ಈ ಪ್ರಶ್ನೆಗೆ ಉತ್ತರ ಹುಡುಕುವ ವಿಧಾನವೇ ಲೇಸರ್ ರಕ್ತಸಂಚಾರ ಚಿತ್ರಣ.

ಚುಕ್ಕಿಗಳ ಚಿತ್ತಾರ

ಲೇಸರ್ ಎಂಬುದು ಒಂದೇ ಬಣ್ಣದ, ಒಂದೇ ಲಯದ ಬೆಳಕು. ಅದು ಗೋಡೆ ಅಥವಾ ಚರ್ಮದಂತಹ ಒರಟು ಮೈಯ ಮೇಲೆ ಬಿದ್ದಾಗ, ನಾನಾ ಬಿಂದುಗಳಿಂದ ಚದುರಿದ ತರಂಗಗಳು ಒಂದರೊಡನೊಂದು ಸೇರುತ್ತವೆ. ಕೆಲವೆಡೆ ಅವು ಒಂದನ್ನೊಂದು ಹೆಚ್ಚಿಸುತ್ತವೆ, ಕೆಲವೆಡೆ ಅಳಿಸಿಹಾಕುತ್ತವೆ. ಪರಿಣಾಮವಾಗಿ ಮರಳು ಚೆಲ್ಲಿದಂತೆ ಬೆಳಕು-ಕತ್ತಲೆಯ ಚುಕ್ಕಿಗಳು ಕಾಣುತ್ತವೆ. ಇವುಗಳಿಗೆ ‘ಸ್ಪೆಕಲ್’ ಎಂದು ಹೆಸರು. 1960ರಲ್ಲಿ ಲೇಸರ್ ಬಳಕೆಗೆ ಬಂದ ನಂತರ ಸಂಶೋಧಕರಿಗೆ ಇವು ಚಿತ್ರವನ್ನು ಕೆಡಿಸುವ ಕಿರಿಕಿರಿಯಾಗಿದ್ದವು.

ಈ ವಿದ್ಯಮಾನದ ಇತಿಹಾಸದಲ್ಲಿ ಬೆಂಗಳೂರಿಗೂ ಸ್ಥಾನವಿದೆ. ಲೇಸರ್ ಹುಟ್ಟುವುದಕ್ಕೆ 17 ವರ್ಷ ಮೊದಲು, 1943ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದ ಜಿ.ಎನ್. ರಾಮಚಂದ್ರನ್, ಸೂಕ್ಷ್ಮ ಕಣಗಳಿಂದ ಉಂಟಾಗುವ ಬೆಳಕಿನ ಪ್ರಭಾವಲಯದಲ್ಲಿ ಕಾಣುವ ಇಂತಹುದೇ ಏರಿಳಿತಗಳನ್ನು ಕುರಿತು ಪ್ರಬಂಧ ಪ್ರಕಟಿಸಿದ್ದರು. ಮುಂದೆ ಕೊಲಾಜೆನ್ ರಚನೆಯ ಸಂಶೋಧನೆಯಿಂದ ಜಗತ್ಪ್ರಸಿದ್ಧರಾದವರು ಇವರೇ.

ಅಳತೆ ಹೇಗೆ?

ಚರ್ಮದ ಜೀವಕೋಶಗಳು ನಿಶ್ಚಲ. ಅದರಡಿಯ ಲೋಮನಾಳಗಳಲ್ಲಿ ಕೆಂಪು ರಕ್ತಕಣಗಳು ಮಾತ್ರ ಸದಾ ಚಲಿಸುತ್ತಿರುತ್ತವೆ. ಆದ್ದರಿಂದ ರಕ್ತ ಹರಿಯುವೆಡೆ ಚುಕ್ಕಿಗಳು ಕ್ಷಣಕ್ಷಣಕ್ಕೂ ಬದಲಾಗುತ್ತವೆ. ಸೆಕೆಂಡಿನ ನೂರನೇ ಒಂದು ಭಾಗದಷ್ಟು ಕಾಲ ಕ್ಯಾಮೆರಾ ತೆರೆದರೆ, ಓಡುವ ಬಂಡಿಯ ಗಾಲಿಯ ಅರಗಳು ಛಾಯಾಚಿತ್ರದಲ್ಲಿ ಕಲಸಿಹೋಗುವಂತೆ ಅಲ್ಲಿನ ಚುಕ್ಕಿಗಳು ಮಸುಕಾಗುತ್ತವೆ. ರಕ್ತ ಹರಿಯದೆಡೆ ಅವು ಸ್ಪಷ್ಟವಾಗಿಯೇ ಉಳಿಯುತ್ತವೆ. ಈ ಮಸುಕನ್ನು ಗಣಕಯಂತ್ರವು ಲೆಕ್ಕಹಾಕಿ ಬಣ್ಣದ ನಕ್ಷೆಯಾಗಿಸುತ್ತದೆ. ಸಾಮಾನ್ಯವಾಗಿ ಕೆಂಪು ಹೆಚ್ಚಿನ ಹರಿವನ್ನೂ ನೀಲಿ ಕಡಿಮೆ ಹರಿವನ್ನೂ ಸೂಚಿಸುತ್ತದೆ.

ಇದರ ಸೋದರ ವಿಧಾನ ಲೇಸರ್ ಡಾಪ್ಲರ್. ಸಮೀಪಿಸುವ ರೈಲಿನ ಸಿಳ್ಳೆಯ ಸ್ವರ ಏರುವಂತೆ, ಚಲಿಸುವ ರಕ್ತಕಣಕ್ಕೆ ತಾಗಿ ಬಂದ ಬೆಳಕಿನ ಆವರ್ತನವೂ ಅತ್ಯಲ್ಪ ಬದಲಾಗುತ್ತದೆ. ಅದನ್ನೇ ಇಲ್ಲಿ ಅಳೆಯಲಾಗುತ್ತದೆ. 1972ರಲ್ಲಿ ರೀವಾ ಮತ್ತು ಸಂಗಡಿಗರು ಕಣ್ಣಿನ ಅಕ್ಷಿಪಟಲದ ರಕ್ತನಾಳದಲ್ಲಿಯೂ, 1975ರಲ್ಲಿ ಮೈಕೆಲ್ ಸ್ಟರ್ನ್ ಚರ್ಮದಲ್ಲಿಯೂ ಇಂತಹ ಅಳತೆ ಸಾಧ್ಯವೆಂದು ತೋರಿಸಿದರು. 1981ರಲ್ಲಿ ಫೆರ್ಚರ್ ಮತ್ತು ಬ್ರೈಯರ್ಸ್ ಒಂದೇ ಛಾಯಾಚಿತ್ರದ ಸ್ಪೆಕಲ್‌ನಿಂದ ಹರಿವನ್ನು ಗುರುತಿಸಿದರು. 1996ರ ಹೊತ್ತಿಗೆ ಡಿಜಿಟಲ್ ಕ್ಯಾಮೆರಾ ಮತ್ತು ಗಣಕಯಂತ್ರಗಳು ಫಿಲ್ಮಿನ ಜಾಗಕ್ಕೆ ಬಂದವು.

ಉಪಯೋಗ

ಸುಟ್ಟಗಾಯಗಳಲ್ಲಿ ಈ ತಂತ್ರಜ್ಞಾನದ ಪ್ರಯೋಜನ ಚೆನ್ನಾಗಿ ದೃಢಪಟ್ಟಿದೆ. ಆಳವು ಸ್ಪಷ್ಟವಾಗದ ಗಾಯ ತಾನಾಗಿ ಮಾಯುವುದೋ, ಚರ್ಮ ಕಸಿ ಬೇಕೋ ಎಂಬುದನ್ನು ಬರಿಗಣ್ಣಿನಿಂದ ಹೇಳುವಲ್ಲಿ ಅನುಭವಿ ವೈದ್ಯರೂ ಎಡವುವುದುಂಟು. ಗಾಯವಾದ ಎರಡರಿಂದ ಐದು ದಿನಗಳೊಳಗೆ ತೆಗೆದ ಲೇಸರ್ ಡಾಪ್ಲರ್ ಚಿತ್ರ ಇದನ್ನು ಹೆಚ್ಚು ನಿಖರವಾಗಿ ತಿಳಿಸುತ್ತದೆ. 2011ರಲ್ಲಿ ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆ ‘ನೈಸ್’ ಈ ಉದ್ದೇಶಕ್ಕೆ ಇಂತಹ ಒಂದು ಉಪಕರಣವನ್ನು ಬೆಂಬಲಿಸಿತು. ಮೆದುಳಿನ ಶಸ್ತ್ರಚಿಕಿತ್ಸೆ, ಕಸಿಮಾಡಿದ ಅಂಗಾಂಶದ ನಿಗಾ ಹಾಗೂ ಮಧುಮೇಹಿಗಳ ಪಾದದ ಪರೀಕ್ಷೆಗಳಲ್ಲಿಯೂ ಲೇಸರ್ ವಿಧಾನಗಳನ್ನು ಅಧ್ಯಯನ ಮಾಡಲಾಗಿದೆ.

ಮಿತಿಗಳು

ಬೆಳಕು ತರುವ ಮಾಹಿತಿ ಚರ್ಮದ ಮೇಲ್ಪದರದ್ದು. ಆಳ ಹೆಚ್ಚೆಂದರೆ ಸುಮಾರು ಒಂದು ಮಿಲಿಮೀಟರ್. ತೊಡೆ, ಮೊಣಕಾಲುಗಳ ದೊಡ್ಡ ನಾಳದಲ್ಲಿ ಅಡಚಣೆ ಎಲ್ಲಿದೆ ಎಂಬುದನ್ನು ಅದು ತೋರಿಸಲಾರದು. ಅದಕ್ಕೆ ಅಲ್ಟ್ರಾಸೌಂಡ್ ಡಾಪ್ಲರ್‌ನಂತಹ ಪರೀಕ್ಷೆಗಳೇ ಬೇಕು. ದೊರೆಯುವ ಅಂಕಿ ಮಿಲಿಲೀಟರ್ ಲೆಕ್ಕದ್ದಲ್ಲ, ಹೋಲಿಕೆಯದ್ದು. ರೋಗಿ ಅಲುಗಿದರೆ, ಕೋಣೆಯ ಉಷ್ಣಾಂಶ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ.

ಸ್ಪೆಕಲ್ ವಿಧಾನದ ಮೂಲ ಸಲಕರಣೆಗಳು ಸರಳ: ಲೇಸರ್, ಕ್ಯಾಮೆರಾ, ಗಣಕಯಂತ್ರ. ಸಾಮಾನ್ಯ ವೆಬ್‌ಕ್ಯಾಮೆರಾದಿಂದಲೂ ಇಂತಹ ಚಿತ್ರ ಪಡೆಯಬಹುದೆಂದು 2013ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದ್ದಾರೆ. ಆದರೂ ಹಳ್ಳಿಯ ರೋಗಿಯ ಪಾಲಿಗೆ ಮೊದಲ ಪರೀಕ್ಷೆ ಹಳೆಯದೇ: ಪಾದದ ನಾಡಿಯನ್ನು ಬೆರಳಿನಿಂದ ಮುಟ್ಟಿ ನೋಡುವುದು. ಸಕ್ಕರೆ ಕಾಯಿಲೆಯುಳ್ಳವರು ಪ್ರತಿದಿನ ಪಾದ ನೋಡಿಕೊಳ್ಳಬೇಕು. ಗಾಯ ಕಂಡರೆ, ಬೆರಳು ಕಪ್ಪಾದರೆ ಅಥವಾ ಪಾದ ತಣ್ಣಗಾದರೆ, ನೋವಿಲ್ಲವೆಂದು ಸುಮ್ಮನಿರದೆ ತಡಮಾಡದೆ ವೈದ್ಯರನ್ನು ಕಾಣಬೇಕು. ಯಾವ ಯಂತ್ರವಾದರೂ ನೆರವಾಗುವುದು ರೋಗಿ ಸಕಾಲದಲ್ಲಿ ಅದರ ಮುಂದೆ ಬಂದಾಗ ಮಾತ್ರ.